ಹೊಸ ಲಾರಿಯ ಚಾಸಿಗೆ ತುಕ್ಕು ಹಿಡಿಯದಂತೆ ಕಾಪಾಡುವುದು ಹೇಗೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೊಸ ಲಾರಿ ಕೊಂಡವರ ಮುಂದೆ ತುಕ್ಕಿನ ಮಾತೆತ್ತಿದರೆ, ಅದು ಕರಾವಳಿಯವರ ಚಿಂತೆ ಎಂಬ ಉತ್ತರ ಬರುವುದುಂಟು. ಮಳೆಯ ಲೆಕ್ಕ ನೋಡಿದರೆ ಈ ಮಾತು ಸರಿಯೆನಿಸುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750ರಿಂದ 800 ಮಿಲಿಮೀಟರ್. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರಿಗೂ ಹೆಚ್ಚು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟು ಬಿಟ್ಟು ಸುರಿಯುವ ಮಳೆಯನ್ನು ಕಳೆದರೆ ಉಳಿದ ತಿಂಗಳೆಲ್ಲ ಬಿಸಿಲೇ.

ಆದರೂ ಇಲ್ಲಿನ ಹಳೆಯ ಲಾರಿಯ ಅಥವಾ ಕಬ್ಬು ಸಾಗಿಸುವ ಟ್ರೇಲರಿನ ಅಡಿಗೆ ಒಮ್ಮೆ ಬಗ್ಗಿ ನೋಡಿ. ಚಾಸಿಯ ಮೂಲೆಗಳಲ್ಲಿ ಗಟ್ಟಿಯಾಗಿ ಮೆತ್ತಿಕೊಂಡ ಎರೆಮಣ್ಣು ಕಾಣುತ್ತದೆ. ಅದನ್ನು ಕೆರೆದರೆ ಕೆಳಗಿನಿಂದ ಕೆಂಪು ಹೊಪ್ಪಳೆಗಳು ಪದರ ಪದರವಾಗಿ ಕಳಚಿ ಬೀಳುತ್ತವೆ. ನಮ್ಮ ಕಡೆ ಇದನ್ನೇ 'ಜಂಗು ಹಿಡಿಯುವುದು' ಎನ್ನುತ್ತಾರೆ. ಮಳೆ ಕಡಿಮೆಯಿರುವ ಊರಿನಲ್ಲಿ ಇಷ್ಟು ಜಂಗು ಎಲ್ಲಿಂದ ಬಂತು?

ತುಕ್ಕಿಗೆ ಬೇಕಾದದ್ದು ಎಷ್ಟು ಮಳೆ ಬಿತ್ತು ಎಂಬ ಲೆಕ್ಕವಲ್ಲ. ಉಕ್ಕಿನ ಮೈ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದೇ ಮುಖ್ಯ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಾಸಿಯನ್ನು ಎಲ್ಲಿ, ಯಾವಾಗ, ಹೇಗೆ ಕಾಪಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಲಾರಿ ಬಹುಪಾಲು ಜನರಿಗೆ ಸಾಲ ಮಾಡಿ ಕೊಂಡ ಆಸ್ತಿ. ಟೈರು, ಬ್ಯಾಟರಿ, ಕಮಾನ್‌ಪಟ್ಟಿಗಳನ್ನು ಬದಲಿಸಬಹುದು. ಲಾರಿಯ ಬೆನ್ನೆಲುಬಾದ ಚಾಸಿಯನ್ನು ಹಾಗೆ ಬದಲಿಸಲಾಗದು. ವಾಹನದ ಗುರುತಿನ ಸಂಖ್ಯೆ ಕೊರೆದಿರುವುದೂ ಅದರ ಮೇಲೆಯೇ.

ತುಕ್ಕು ಎಂಬ ಪುಟ್ಟ ಬ್ಯಾಟರಿ

ಕಬ್ಬಿಣ ಭೂಮಿಯಲ್ಲಿ ಸಿಗುವುದು ಅದುರಿನ ರೂಪದಲ್ಲಿ, ಅಂದರೆ ಆಮ್ಲಜನಕದೊಡನೆ ಕೂಡಿಕೊಂಡು. ಕುಲುಮೆಯಲ್ಲಿ ಅಪಾರ ಶಾಖ ಕೊಟ್ಟು ಆ ಆಮ್ಲಜನಕವನ್ನು ಬಿಡಿಸುತ್ತೇವೆ. ಹೀಗೆ ಬಿಡಿಸಿದ ಕಬ್ಬಿಣ ಅವಕಾಶ ಸಿಕ್ಕಾಗಲೆಲ್ಲ ಮತ್ತೆ ಆಮ್ಲಜನಕವನ್ನು ಸೇರಲು ಹವಣಿಸುತ್ತದೆ. ಆ ಅವಕಾಶವನ್ನು ಒದಗಿಸುವುದು ನೀರು.

ಉಕ್ಕಿನ ಮೇಲೆ ನೀರಿನ ತೆಳುವಾದ ಪೊರೆ ಇದ್ದಾಗ ಅಲ್ಲೊಂದು ಪುಟ್ಟ ವಿದ್ಯುತ್ ಕೋಶ ಏರ್ಪಡುತ್ತದೆ. ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗೆ ಇಳಿಯುತ್ತವೆ. ಇದು ಆನೋಡ್. ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಲೋಹದ ಒಳಗೇ ಹರಿದು ಇನ್ನೊಂದು ಜಾಗ ತಲುಪುತ್ತವೆ. ಅಲ್ಲಿ ಗಾಳಿಯಿಂದ ಬಂದ ಆಮ್ಲಜನಕವೂ ನೀರೂ ಅವುಗಳನ್ನು ಪಡೆದು ಹೈಡ್ರಾಕ್ಸಿಲ್ ಅಯಾನುಗಳಾಗುತ್ತವೆ. ಇದು ಕ್ಯಾಥೋಡ್. ಎರಡೂ ಕಡೆಯ ಅಯಾನುಗಳು ನೀರಿನಲ್ಲಿ ಸಂಧಿಸಿ, ಮತ್ತಷ್ಟು ಆಮ್ಲಜನಕ ಸೇರಿ, ಕೊನೆಗೆ ಕೆಂಪು ಕಂದು ಬಣ್ಣದ ತುಕ್ಕಾಗುತ್ತವೆ.

1920ರ ದಶಕದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ ಉಪ್ಪುನೀರಿನ ಒಂದೇ ಹನಿಯನ್ನು ಉಕ್ಕಿನ ತಗಡಿನ ಮೇಲಿಟ್ಟು ಇದನ್ನು ತೋರಿಸಿದರು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವೆ ಕಡಿಮೆ. ಗಾಳಿ ಹೆಚ್ಚು ಸಿಗುವ ಅಂಚು ಕ್ಯಾಥೋಡ್ ಆಗುತ್ತದೆ. ಗಾಳಿ ಕಡಿಮೆ ಸಿಗುವ ನಡುಭಾಗ ಆನೋಡ್ ಆಗಿ ಸವೆಯುತ್ತದೆ. ತುಕ್ಕು ಕಾಣುವ ಜಾಗ ಒಂದು, ಲೋಹ ಸವೆಯುವ ಜಾಗ ಇನ್ನೊಂದು. ಮಣ್ಣು ಮೆತ್ತಿದ ಕಡೆ, ಎರಡು ತಗಡುಗಳ ಸಂದಿನಲ್ಲಿ, ಬೋಲ್ಟಿನ ತಲೆಯ ಕೆಳಗೆ ಆಗುವುದೂ ಇದೇ. ಗಾಳಿ ತಾಕದ ಮರೆಯ ಜಾಗವೇ ಹೆಚ್ಚು ಸವೆಯುತ್ತದೆ.

ಒದ್ದೆಯಾಗಿರುವ ಹೊತ್ತು

ನೀರು ಹನಿಯಾಗಿ ಕಾಣಲೇಬೇಕೆಂದಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗಗಳಲ್ಲಿ, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿದ ಮೇಲೆ ತುಕ್ಕಿನ ವೇಗ ಥಟ್ಟನೆ ಏರುವುದು ಕಂಡುಬಂತು. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯೇ ಅದಕ್ಕೆ ಸಾಕು. ಚಳಿಗಾಲದ ಬೆಳಗಿನ ಜಾವ ಬಯಲಿನಲ್ಲಿ ನಿಂತ ಲಾರಿಯ ಮೇಲೆ ಕೂರುವ ಇಬ್ಬನಿಯೂ ಈ ಲೆಕ್ಕಕ್ಕೆ ಸೇರುತ್ತದೆ.

ಉಪ್ಪು ಅಥವಾ ರಸಗೊಬ್ಬರದ ಪುಡಿ ಬಿದ್ದಿದ್ದರೆ ಗಾಳಿಯ ತೇವವನ್ನು ಅದೇ ಎಳೆದುಕೊಂಡು ನೀರಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಯೂರಿಯಾ ಸುಮಾರು ಶೇ. 73 ಆರ್ದ್ರತೆಯಲ್ಲಿ ನೀರೊಡೆಯುತ್ತದೆ. ಅಡುಗೆ ಉಪ್ಪು ಸುಮಾರು ಶೇ. 75ರಲ್ಲಿ, ಪೊಟ್ಯಾಷ್ ಗೊಬ್ಬರ ಶೇ. 84ರಲ್ಲಿ. ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಜಿಲ್ಲೆಯ ಗಾಳಿಯೂ ಈ ಮಟ್ಟ ಮುಟ್ಟುತ್ತದೆ. ಮೇಲಾಗಿ ಅಡುಗೆ ಉಪ್ಪು, ಪೊಟ್ಯಾಷ್‌ಗಳಲ್ಲಿರುವ ಕ್ಲೋರೈಡ್ ಅಯಾನು ಉಕ್ಕಿನ ಮೇಲಿನ ರಕ್ಷಣಾ ಪೊರೆಯನ್ನು ಒಡೆಯುವುದರಲ್ಲಿ ನಿಸ್ಸೀಮ.

ಇನ್ನು ನಮ್ಮ ಎರೆಮಣ್ಣಿನ ವಿಚಾರ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ. ಒಣಗುವಾಗ ಕುಗ್ಗಿ ಬಿರಿಯುತ್ತದೆ. ಹಿಂಗಾರಿ ಜೋಳ ಮಳೆಯಿಲ್ಲದೆ ಬೆಳೆಯುವುದು ಈ ಮಣ್ಣು ತೇವ ಹಿಡಿದಿಡುವ ಗುಣದಿಂದಲೇ. ರೈತನಿಗೆ ವರವಾದ ಈ ಗುಣ ಚಾಸಿಗೆ ಶಾಪ. ಹೊಲದ ದಾರಿಯಲ್ಲಿ ಗಾಲಿಗಳು ಎರಚಿದ ರಾಡಿ ಚಾಸಿಯ ಮೂಲೆಗಳಲ್ಲಿ ಕೂತರೆ, ಜ್ವರ ಬಂದವರ ಹಣೆಗೆ ಹಾಕಿದ ಒದ್ದೆ ಬಟ್ಟೆಯಂತೆ ದಿನಗಟ್ಟಲೆ ತೇವವಾಗಿಯೇ ಇರುತ್ತದೆ. ಮೇಲಿನ ರಸ್ತೆ ಒಣಗಿ ದೂಳೇಳುತ್ತಿದ್ದರೂ ಮಣ್ಣಿನಡಿಯ ಉಕ್ಕಿಗೆ ಮಳೆಗಾಲ ಮುಗಿದಿರುವುದಿಲ್ಲ.

ಒದ್ದೆಯ ಹೊತ್ತು ಮತ್ತು ಉಪ್ಪು ಎಷ್ಟು ವ್ಯತ್ಯಾಸ ಮಾಡುತ್ತವೆ ಎಂಬುದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 9223ನೆಯ ಮಾನಕವನ್ನು ನೋಡಬಹುದು. ಅದು ವಾತಾವರಣಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ಬಣ್ಣವಿಲ್ಲದ ಸಾಧಾರಣ ಉಕ್ಕನ್ನು ಬಯಲಿನಲ್ಲಿಟ್ಟರೆ ಮೊದಲ ವರ್ಷದಲ್ಲಿ ಎರಡನೆಯ ದರ್ಜೆಯ ವಾತಾವರಣದಲ್ಲಿ ಹೆಚ್ಚೆಂದರೆ 25 ಮೈಕ್ರೋಮೀಟರ್ ಸವೆಯುತ್ತದೆ; ಐದನೆಯ ದರ್ಜೆಯಲ್ಲಿ 80ರಿಂದ 200 ಮೈಕ್ರೋಮೀಟರ್. ಒಂದು ಮಿಲಿಮೀಟರ್ ಎಂದರೆ ಸಾವಿರ ಮೈಕ್ರೋಮೀಟರ್. ವರ್ಷಕ್ಕೆ 25ರಂತೆ ಸವೆದರೆ ಒಂದು ಮಿಲಿಮೀಟರ್ ಹೋಗಲು 40 ವರ್ಷ ಬೇಕು. ವರ್ಷಕ್ಕೆ 200ರಂತೆ ಸವೆದರೆ ಐದೇ ವರ್ಷ. ಇದು ಗಾಳಿಗೆ ತೆರೆದಿಟ್ಟ ಫಲಕದ ಲೆಕ್ಕ. ಆದ್ದರಿಂದ ಒಣ ಜಿಲ್ಲೆಯ ಲಾರಿ ಎಂಬ ಭರವಸೆ ತೆರೆದ ಮೈಗೆ ಮಾತ್ರ ಸಲ್ಲುತ್ತದೆ. ಮಣ್ಣು ತುಂಬಿದ ಸಂದಿಗೆ ತನ್ನದೇ ಆದ ಹವಾಮಾನವಿರುತ್ತದೆ.

ಲಾರಿ ಒಂದೇ ಊರಿನಲ್ಲಿ ನಿಲ್ಲುವ ವಸ್ತುವೂ ಅಲ್ಲ. ತೊಗರಿಬೇಳೆ ಹೊತ್ತು ಮುಂಬೈಗೋ ಮಂಗಳೂರಿಗೋ ಹೋದ ಲಾರಿ ಸಮುದ್ರದ ಉಪ್ಪುಗಾಳಿಯನ್ನು ಅಡಿಯಲ್ಲಿ ಅಂಟಿಸಿಕೊಂಡು ಬರುತ್ತದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ವಾಹನಗಳ ಮೇಲೆ ಕಬ್ಬಿನ ರಸ ಸೋರುತ್ತದೆ. ಅದು ಹುಳಿತರೆ ಆಮ್ಲವಾಗುತ್ತದೆ. ಒದ್ದೆ ಮರಳು ತುಂಬಿದ ಲಾರಿಯಿಂದ ದಾರಿಯುದ್ದಕ್ಕೂ ನೀರು ಚಾಸಿಯ ಮೇಲೆಯೇ ತೊಟ್ಟಿಕ್ಕುತ್ತದೆ.

ಚಾಸಿಯಲ್ಲಿ ನೀರು ನಿಲ್ಲುವ ಜಾಗಗಳು

ಲಾರಿಯ ಚಾಸಿ ಮಲಗಿಸಿದ ಏಣಿಯಂತಿರುತ್ತದೆ. ಉದ್ದಕ್ಕೂ ಎರಡು ತೊಲೆಗಳು, ಅವುಗಳ ನಡುವೆ ಅಡ್ಡ ತೊಲೆಗಳು. ಉದ್ದನೆಯ ತೊಲೆಯನ್ನು ಅಡ್ಡಕ್ಕೆ ಸೀಳಿ ನೋಡಿದರೆ ಒಂದು ಬದಿ ತೆರೆದ ಪೆಟ್ಟಿಗೆಯಂತೆ ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಮಡಿಕೆಗಳಿಗೆ ಫ್ಲ್ಯಾಂಜ್ ಎಂದೂ ನಡುವಿನ ನೆಟ್ಟನೆಯ ಗೋಡೆಗೆ ವೆಬ್ ಎಂದೂ ಹೆಸರು. ಕೆಳಗಿನ ಫ್ಲ್ಯಾಂಜ್‌ನ ಒಳಮೈ ಮಣ್ಣು ಕೂರಲು ಹೇಳಿ ಮಾಡಿಸಿದ ಗೂಡು.

ಟಾರ್ಚು ಹಿಡಿದು ಅಡಿಗೆ ಹೋದರೆ ನೀವು ಮುಖ್ಯವಾಗಿ ಐದು ಜಾಗಗಳನ್ನು ನೋಡಬೇಕು. ಒಂದು, ಕೆಳ ಫ್ಲ್ಯಾಂಜ್‌ನ ಒಳಮೈ, ಅದರಲ್ಲೂ ಹಿಂದಿನ ಗಾಲಿಗಳ ಆಚೀಚೆ. ಎರಡು, ಅಡ್ಡ ತೊಲೆಗಳು ರಿವೆಟ್ಟುಗಳಿಂದ ಸೇರುವ ಕೀಲುಗಳು. ಮೂರು, ಕಮಾನ್‌ಪಟ್ಟಿಗಳನ್ನು ಹಿಡಿದಿರುವ ಬ್ರ್ಯಾಕೆಟ್ಟುಗಳ ಹಿಂಬದಿ. ನಾಲ್ಕು, ಬಾಡಿ ಕೂರುವ ಮೇಲಿನ ಫ್ಲ್ಯಾಂಜ್. ಐದು, ಬ್ಯಾಟರಿ ಪೆಟ್ಟಿಗೆಯ ಸುತ್ತಮುತ್ತ. ಇಲ್ಲಿ ಚೆಲ್ಲುವ ಆಮ್ಲ ಬಣ್ಣವನ್ನೇ ತಿನ್ನುತ್ತದೆ.

ಇವುಗಳಲ್ಲಿ ಕೀಲುಗಳ ತುಕ್ಕು ವಿಶೇಷ ಅಪಾಯಕಾರಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡರಿಂದ ಆರು ಪಟ್ಟು ಹಿಗ್ಗಬಹುದು. ಎರಡು ತಗಡುಗಳ ಸಂದಿನಲ್ಲಿ ಹೀಗೆ ಹಿಗ್ಗಿದ ತುಕ್ಕಿಗೆ ಹೋಗಲು ಜಾಗವಿರುವುದಿಲ್ಲ. ಅದು ತಗಡುಗಳನ್ನೇ ಬೇರೆ ಬೇರೆಯಾಗಿ ತಳ್ಳುತ್ತದೆ. ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಗಿಡ ಗೋಡೆಯನ್ನು ಸೀಳುವ ಹಾಗೆ. ರಿವೆಟ್ಟುಗಳ ನಡುವೆ ತಗಡು ಉಬ್ಬಿದ್ದರೆ ಒಳಗೆ ಈ ಕೆಲಸ ನಡೆದಿದೆ ಎಂದು ತಿಳಿಯಿರಿ.

ಬಲದ ವಿಚಾರಕ್ಕೆ ಬಂದರೆ, ಹೊರೆ ಹೊತ್ತ ತೊಲೆ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಫ್ಲ್ಯಾಂಜ್‌ಗಳ ಮೇಲೆ. ಏಳು ಮಿಲಿಮೀಟರ್ ದಪ್ಪದ ಫ್ಲ್ಯಾಂಜ್‌ನಲ್ಲಿ ಒಂದು ಮಿಲಿಮೀಟರ್ ಹೋದರೆ ಅದರ ಏಳನೆಯ ಒಂದು ಭಾಗವೇ ಹೋದಂತೆ. ಅದಕ್ಕಿಂತ ಕೆಟ್ಟದ್ದು ತುಕ್ಕು ಕೊರೆದ ಸಣ್ಣ ಗುಣಿಗಳು. ಹಳ್ಳದಿಣ್ಣೆಯ ರಸ್ತೆಯಲ್ಲಿ ಲಾರಿ ಲಕ್ಷಾಂತರ ಬಾರಿ ಕುಲುಕುವಾಗ ಬಿರುಕು ಹುಟ್ಟುವುದು ಇಂಥ ಗುಣಿಗಳಿಂದಲೇ. ಬಿರುಕು ಒಂದು ದಿನ ತುಂಬಿದ ಹೊರೆಯೊಂದಿಗೆ ಬಾಯಿ ಬಿಟ್ಟರೆ ನಷ್ಟ ಲಾರಿಗೆ ಮಾತ್ರವಲ್ಲ. ಚಾಲಕನಿಗೂ ಎದುರು ಬರುವವರಿಗೂ ಅಪಾಯ.

ಕಾರ್ಖಾನೆ ಕೊಟ್ಟ ಹೊದಿಕೆ

ದೆಹಲಿಯ ಕಬ್ಬಿಣದ ಕಂಬದ ಬಗ್ಗೆ ನೀವು ಓದಿರಬಹುದು. ಏಳು ಮೀಟರಿಗೂ ಎತ್ತರವಾದ, ಆರು ಟನ್ನಿಗೂ ಹೆಚ್ಚು ತೂಕದ ಆ ಕಂಬ ಸುಮಾರು 1,600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ಈ ರಂಜಕದಿಂದ ಕಂಬದ ಮೈಮೇಲೆ ಕಬ್ಬಿಣದ ಫಾಸ್ಫೇಟ್ ಪೊರೆಯೊಂದು ಬೆಳೆದು ರಕ್ಷಣೆ ಕೊಡುತ್ತಿದೆ ಎಂದು ವಿವರಿಸಿದರು. ನಮ್ಮ ಕೊಡಚಾದ್ರಿಯ ಮೇಲೂ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತ ಹಳೆಯ ಕಬ್ಬಿಣದ ಕಂಬವಿದೆ. ಗಮನಿಸಬೇಕಾದ ಇನ್ನೊಂದು ಅಂಶ: ದೆಹಲಿಯ ಕಂಬದಲ್ಲೂ ಮಣ್ಣಿನಲ್ಲಿ ಹುಗಿದಿದ್ದ ಬುಡಕ್ಕೆ ತುಕ್ಕು ಹಿಡಿದಿದೆ. ಅದೇ ಕಬ್ಬಿಣವಾದರೂ ತೇವ ನಿಂತ ಕಡೆ ಸವೆದಿದೆ.

ರಂಜಕ ಹೆಚ್ಚಾದರೆ ಉಕ್ಕು ಪೆಡಸಾಗುವುದರಿಂದ ಚಾಸಿಯ ಉಕ್ಕಿನಲ್ಲಿ ಅದನ್ನು ಬಹಳ ಕಡಿಮೆ ಇಡುತ್ತಾರೆ. ಆದರೆ ಫಾಸ್ಫೇಟ್ ಪೊರೆಯ ಉಪಾಯವನ್ನು ಬಿಟ್ಟಿಲ್ಲ. ಬಣ್ಣ ಹಚ್ಚುವ ಮೊದಲು ಉಕ್ಕನ್ನು ತೊಳೆದು ಸತುವಿನ ಫಾಸ್ಫೇಟ್ ದ್ರಾವಣದಲ್ಲಿ ಉಪಚರಿಸುತ್ತಾರೆ. ಆಗ ಮೈಮೇಲೆ ಸೂಕ್ಷ್ಮ ಹರಳುಗಳ ಪದರ ಬೆಳೆದು ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈಗ ಹಲವು ಕಾರ್ಖಾನೆಗಳಲ್ಲಿ ಆಮೇಲೆ ಚಾಸಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಚಾಸಿಯೇ ಕ್ಯಾಥೋಡ್ ಆಗಿ ಬಣ್ಣದ ಕಣಗಳನ್ನು ಎಳೆದುಕೊಳ್ಳುತ್ತದೆ. ಕುಂಚ ತಲುಪದ ಮೂಲೆಗಳಿಗೂ ಬಣ್ಣ ಹೋಗುತ್ತದೆ. ಬಳಿಕ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ.

ಈ ಪದರದ ದಪ್ಪ ಸುಮಾರು 20 ಮೈಕ್ರೋಮೀಟರ್, ತಲೆಗೂದಲಿಗಿಂತಲೂ ತೆಳು. ಅದು ಒಳ್ಳೆಯ ರಕ್ಷಣೆ ಹೌದು. ಆದರೆ ಡ್ರಿಲ್ಲು, ವೆಲ್ಡಿಂಗ್ ಕಿಡಿ, ಸರಪಳಿಯ ಉಜ್ಜಾಟಗಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಮೊದಲ ತಿಂಗಳೇ ಮುಖ್ಯ

ನಮ್ಮಲ್ಲಿ ಅನೇಕರು ಲಾರಿಯನ್ನು ಬರಿಯ ಚಾಸಿಯಾಗಿ ಕೊಂಡು ಬಾಡಿಯನ್ನು ಸ್ಥಳೀಯ ಬಾಡಿ ಬಿಲ್ಡರ್ ಬಳಿ ಕಟ್ಟಿಸುತ್ತಾರೆ. ಮುಂದಿನ ಹತ್ತು ವರ್ಷಗಳ ತುಕ್ಕು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಕೆಲವು ವಾರಗಳಲ್ಲಿ. ಬಾಡಿ ಕೂತ ಮೇಲೆ ಮೇಲಿನ ಫ್ಲ್ಯಾಂಜ್ ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಕುಂಚವೂ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಬಾಡಿ ಕಟ್ಟುವವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಚಾಸಿ ತಯಾರಕರು ತಮ್ಮ ಕೈಪಿಡಿಗಳಲ್ಲಿ ಫ್ಲ್ಯಾಂಜ್‌ಗೆ ರಂಧ್ರ ಕೊರೆಯಬೇಡಿ, ಚಾಸಿಯ ತೊಲೆಗೆ ವೆಲ್ಡಿಂಗ್ ಮಾಡಬೇಡಿ ಎಂದು ಎಚ್ಚರಿಸಿರುತ್ತಾರೆ. ವೆಲ್ಡಿಂಗ್‌ನ ಶಾಖ ಹೆಚ್ಚು ಬಲದ ಉಕ್ಕಿನ ಗುಣವನ್ನೇ ಕೆಡಿಸುತ್ತದೆ. ಸುತ್ತಲಿನ ಬಣ್ಣವನ್ನೂ ಸುಡುತ್ತದೆ. ಬಾಡಿಯನ್ನು ಯು-ಬೋಲ್ಟುಗಳಿಂದ ಅಥವಾ ಕಾರ್ಖಾನೆಯೇ ಕೊರೆದಿರುವ ರಂಧ್ರಗಳ ಮೂಲಕ ಬಿಗಿಸುವುದು ಸರಿ. ಅನಿವಾರ್ಯವಾಗಿ ವೆಬ್‌ನಲ್ಲಿ ರಂಧ್ರ ಕೊರೆದರೆ ಗ್ಯಾಸ್ ಕಟಿಂಗ್ ಬೇಡ, ಡ್ರಿಲ್ಲೇ ಆಗಲಿ. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ಉಕ್ಕಿನ ಪುಡಿಯನ್ನು ಒರೆಸಿ, ರಂಧ್ರದ ಒಳಗೋಡೆಗೂ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬೋಲ್ಟು ಹಾಕಬೇಕು. ಚೂಪಾದ ಅಂಚಿನ ಮೇಲೆ ಬಣ್ಣ ತೆಳುವಾಗಿ ಹರಿದುಹೋಗುತ್ತದೆ. ಅಂಚನ್ನು ದುಂಡಗೆ ಉಜ್ಜುವುದು ಇದಕ್ಕಾಗಿಯೇ.

ಚಾಸಿಗೂ ಬಾಡಿಗೂ ನಡುವೆ ಮರದ ಪಟ್ಟಿ ಹಾಕುವ ರೂಢಿಯಿದೆ. ಮರ ನೀರು ಹೀರಿಕೊಂಡು ಉಕ್ಕಿಗೆ ಅಂಟಿಕೊಂಡೇ ಇರುತ್ತದೆ. ಇದು ಎರೆಮಣ್ಣಿನ ಕೆಲಸವನ್ನೇ ಮಾಡುತ್ತದೆ. ಮರವನ್ನೇ ಹಾಕುವುದಾದರೆ ಒಣಮರವನ್ನು ಆರು ಮೈಗಳಿಗೂ ಬಣ್ಣ ಕುಡಿಸಿ ಹಾಕಿಸಿ. ಕೂರಿಸುವ ಮೊದಲು ಮೇಲಿನ ಫ್ಲ್ಯಾಂಜ್‌ಗೆ ಹೆಚ್ಚುವರಿಯಾಗಿ ಎರಡು ಕೋಟು ಬಣ್ಣ ಕೊಡಿಸಿ. ಬಾಡಿಯ ತಳದಿಂದ ಸೋರುವ ನೀರು ಚಾಸಿಯ ಮೇಲೆ ಬೀಳದೆ ಹೊರಕ್ಕೆ ಹೋಗುವಂತೆ ತಗಡಿನ ಅಂಚನ್ನು ಕೆಳಕ್ಕೆ ಬಗ್ಗಿಸಲು ಹೇಳಿ.

ಪ್ರೈಮರ್ ಯಾವುದಿರಬೇಕು? ಪೇಟೆಯಲ್ಲಿ ಸುಲಭವಾಗಿ ಸಿಗುವ ರೆಡ್ ಆಕ್ಸೈಡ್‌ನ ಬಣ್ಣ ನಮ್ಮ ಹುರಮಂಜಿಯದೇ, ಅಂದರೆ ಕಬ್ಬಿಣದ ಆಕ್ಸೈಡು. ಅದು ನೀರಿಗೆ ಅಡ್ಡಗೋಡೆಯಾಗುತ್ತದೆಯೇ ಹೊರತು ಗೋಡೆ ಬಿರುಕು ಬಿಟ್ಟಾಗ ಬೇರೆ ಸಹಾಯ ಮಾಡದು. ಸತುವಿನ ಫಾಸ್ಫೇಟ್ ಇರುವ ಪ್ರೈಮರ್ ಅದಕ್ಕಿಂತ ಮೇಲು. ಬರಿಯ ಉಕ್ಕು ಕಾಣುವ ಕಡೆ ಸತುವಿನ ಪುಡಿ ತುಂಬಿದ ಪ್ರೈಮರ್ ಇನ್ನೂ ಮೇಲು. ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹ. ಎರಡೂ ಒಟ್ಟಿಗೆ ಒದ್ದೆಯಾದರೆ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಫ್ರಾನ್ಸಿನ ಸೊರೆಲ್ 1837ರಲ್ಲಿ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ಈ ಗುಣವನ್ನು ನೆಚ್ಚಿಯೇ. ಆದರೆ ಈ ಪ್ರೈಮರ್ ನೇರವಾಗಿ ಶುಭ್ರ ಉಕ್ಕನ್ನು ತಾಕಬೇಕು. ಹಳೆಯ ಬಣ್ಣದ ಮೇಲೆ ಹಚ್ಚಿದರೆ ಹಣ ದಂಡ.

ಮೇಲೆ ಏನು ಹಚ್ಚಬಹುದು, ಏನು ಹಚ್ಚಬಾರದು?

ಬಣ್ಣದ ಮೇಲೆ ಮತ್ತೊಂದು ಹೊದಿಕೆ ಬೇಕೆನ್ನುವವರಿಗೆ ಮೇಣದಂಥ ತುಕ್ಕುನಿರೋಧಕಗಳು ಒಳ್ಳೆಯವು. ಇವು ತೆಳುವಾಗಿ ಸಂದುಗಳಿಗೆ ಇಳಿದು ನೀರನ್ನು ಹೊರದಬ್ಬುತ್ತವೆ. ಪೂರ್ತಿ ಒಣಗಿ ಗಡಸಾಗುವುದಿಲ್ಲವಾದ್ದರಿಂದ ಬಿರಿಯುವುದಿಲ್ಲ. ರಿವೆಟ್ಟಿನ ಕೀಲುಗಳಿಗೆ, ಬ್ರ್ಯಾಕೆಟ್ಟುಗಳ ಹಿಂಬದಿಗೆ ಇವೇ ಸರಿ. ಮಣ್ಣು, ನೀರು ಉಜ್ಜಿ ಇವು ಸವೆಯುವುದರಿಂದ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮತ್ತೆ ಹಚ್ಚಬೇಕು.

ಡಾಂಬರಿನಂಥ ದಪ್ಪ ಹೊದಿಕೆ ಕಲ್ಲೇಟಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಶುಭ್ರವಾದ, ಒಣಗಿದ ಮೈಮೇಲೆ ಹಚ್ಚಿದಾಗ ಮಾತ್ರ. ಮಣ್ಣು, ತುಕ್ಕುಗಳ ಮೇಲೆಯೇ ಬಳಿದರೆ, ಅಥವಾ ವಯಸ್ಸಾಗಿ ಅದು ಬಿರಿದರೆ, ನೀರು ಅಡಿಗೆ ನುಗ್ಗಿ ಹೊರಬರಲಾರದೆ ನಿಲ್ಲುತ್ತದೆ. ಹೊರಗಿನಿಂದ ಕಪ್ಪಗೆ ಚೆಂದವಾಗಿ ಕಾಣುವ ಹೊದಿಕೆಯ ಕೆಳಗೆ ಉಕ್ಕು ಕರಗುತ್ತಿರುತ್ತದೆ.

ಬಳಸಿದ ಎಂಜಿನ್ ಎಣ್ಣೆ, ಅಂದರೆ ವೇಸ್ಟ್ ಆಯಿಲ್ ಬಳಿಯುವುದು ಬಹಳ ಕಡೆ ನಡೆದುಬಂದ ರೂಢಿ. ಎಣ್ಣೆ ನೀರನ್ನು ದೂರವಿಡುವುದು ನಿಜ. ಆದರೆ ಎಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಆಮ್ಲೀಯ ವಸ್ತುಗಳೂ ಲೋಹದ ಕಣಗಳೂ ಇರುತ್ತವೆ. ಅದು ದೂಳನ್ನು ಹಿಡಿದು ಜಿಗುಟು ಪದರವಾಗುತ್ತದೆ. ರಬ್ಬರಿನ ಬುಷ್, ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಬ್ರೇಕಿನ ಲೈನಿಂಗ್‌ಗೆ ತಾಕಿದರೆ ಬ್ರೇಕು ಹಿಡಿಯುವುದಿಲ್ಲ. ಮೊದಲ ಮಳೆಗೆ ತೊಳೆದು ಹೊಲಕ್ಕೂ ಬಾವಿಗೂ ಸೇರುತ್ತದೆ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ.

ಹಡಗುಗಳಿಗೆ ಸತುವಿನ ಗಟ್ಟಿ ಕಟ್ಟುವುದನ್ನು ನೋಡಿ ಲಾರಿಗೂ ಕಟ್ಟಬಹುದೇ ಎಂದು ಕೆಲವರು ಕೇಳುತ್ತಾರೆ. ಹಡಗು ಸದಾ ನೀರಿನಲ್ಲಿರುವುದರಿಂದ ಸತುವಿಗೂ ಉಕ್ಕಿಗೂ ನಡುವೆ ಅಯಾನುಗಳು ಹರಿಯಲು ದಾರಿಯಿದೆ. ಗಾಳಿಯಲ್ಲಿರುವ ಚಾಸಿಯಲ್ಲಿ ಆ ದಾರಿ ನೀರಿನ ಹನಿಯಷ್ಟೇ ಉದ್ದ. ಗಟ್ಟಿಯ ಆಸುಪಾಸಿನ ಅಂಗೈಯಗಲಕ್ಕೂ ರಕ್ಷಣೆ ಸಿಗುವುದು ಕಷ್ಟ. ಸತು ಮೈತುಂಬ ಹರಡಿರಬೇಕು. ಪ್ರೈಮರ್ ಆಗಿ ಅದು ಉಪಯೋಗಕ್ಕೆ ಬರುವುದು ಈ ಕಾರಣಕ್ಕೆ.

ತೊಳೆಯುವುದೇ ಅರ್ಧ ಚಿಕಿತ್ಸೆ

ಮೇಲಿನ ಯಾವ ಹೊದಿಕೆಗೂ ಹಣ ಕೂಡಿಬರಲಿಲ್ಲವೆನ್ನಿ. ಆಗಲೂ ಚಾಸಿಯನ್ನು ತೊಳೆದು ಒಣಗಿಸುವ ಒಂದು ಅಭ್ಯಾಸದಿಂದ ಬಹಳ ಲಾಭವಿದೆ. ತೊಳೆಯುವುದೆಂದರೆ ಕ್ಯಾಬಿನ್ನು, ಬಾಡಿಗಳನ್ನು ಫಳಫಳ ಹೊಳೆಯಿಸುವುದು ಎಂದಷ್ಟೇ ತಿಳಿಯುವವರಿದ್ದಾರೆ. ತುಕ್ಕು ಇರುವುದು ಅಡಿಯಲ್ಲಿ.

ಎರೆಮಣ್ಣಿನ ರಾಡಿ ಹಸಿಯಾಗಿದ್ದಾಗಲೇ ತೊಳೆಯಿರಿ. ಒಣಗಿ ಕಲ್ಲಾದ ಮೇಲೆ ಅದನ್ನು ಬಿಡಿಸಲು ಕೆರೆಯಬೇಕಾಗುತ್ತದೆ, ಆಗ ಬಣ್ಣವೂ ಕಿತ್ತುಬರುತ್ತದೆ. ಒಣಗಿಹೋಗಿದ್ದರೆ ಮೊದಲು ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಪೈಪನ್ನು ಕೆಳ ಫ್ಲ್ಯಾಂಜ್‌ನ ಒಳಮೈಗೆ, ಬ್ರ್ಯಾಕೆಟ್ಟುಗಳ ಹಿಂದಕ್ಕೆ ಹಿಡಿಯಿರಿ. ಬರುವ ನೀರು ತಿಳಿಯಾಗುವವರೆಗೆ ಹರಿಸಿ. ರಭಸದ ಜೆಟ್ಟನ್ನು ವೈರಿನ ಕನೆಕ್ಟರು, ಬೇರಿಂಗಿನ ಸೀಲುಗಳ ಮೇಲೆ ನೇರವಾಗಿ ಬಿಡಬೇಡಿ. ನೀರು ಹೊರಹೋಗಲೆಂದು ಕಾರ್ಖಾನೆಯೇ ಬಿಟ್ಟಿರುವ ರಂಧ್ರಗಳು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ಬಳಿಕ ಲಾರಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ. ನಮ್ಮ ಜಿಲ್ಲೆಯಲ್ಲಿ ಪುಕ್ಕಟೆಯಾಗಿ ದೊರೆಯುವ ಅತ್ಯುತ್ತಮ ತುಕ್ಕುನಿರೋಧಕ ಬಿಸಿಲೇ.

ಕೆಲವು ಸಂದರ್ಭಗಳಲ್ಲಿ ತೊಳೆಯುವುದನ್ನು ಮರುದಿನಕ್ಕೂ ಮುಂದೂಡಬಾರದು. ರಸಗೊಬ್ಬರ ಅಥವಾ ಉಪ್ಪು ಇಳಿಸಿದ ಮೇಲೆ, ಕರಾವಳಿಯಿಂದ ಮರಳಿದ ಮೇಲೆ, ಕಬ್ಬಿನ ಹಂಗಾಮಿನಲ್ಲಿ ವಾರಕ್ಕೊಮ್ಮೆ ತಪ್ಪದೆ ತೊಳೆಯಬೇಕು. ನೆರೆ ನೀರಿನಲ್ಲಿ ನಿಂತ ವಾಹನಕ್ಕೂ ಇದೇ ಮಾತು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದ್ದು ನೆನಪಿರಬಹುದು. ನೆರೆ ಇಳಿದಾಗ ನೀರು ಹೋದರೂ ನಯವಾದ ಹೂಳು ಪ್ರತಿ ಸಂದಿನಲ್ಲೂ ಉಳಿಯುತ್ತದೆ. ಅದನ್ನು ತೆಗೆದು ಒಣಗಿಸದ ಹೊರತು ವಾಹನಕ್ಕೆ ನೆರೆ ಇಳಿದಂತಾಗಲಿಲ್ಲ.

ತುಕ್ಕು ಕಂಡಾಗ

ಸಣ್ಣ ತುಕ್ಕನ್ನು ಮಳೆಗಾಲಕ್ಕೆ ಮೊದಲೇ ಸರಿಪಡಿಸಿ. ಮೊದಲು ತೊಳೆದು ಉಪ್ಪಿನಂಶ ತೆಗೆಯಿರಿ, ಒಣಗಿಸಿ, ತಂತಿಯ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉಜ್ಜಿ. ಸುತ್ತಲಿನ ಗಟ್ಟಿ ಬಣ್ಣದ ಅಂಚನ್ನು ಉಜ್ಜುಕಾಗದದಿಂದ ಇಳಿಜಾರು ಮಾಡಿ. ನಂತರ ಪ್ರೈಮರ್, ಅದರ ಮೇಲೆ ಎರಡು ಕೋಟು ಬಣ್ಣ. ಗಾಳಿಯ ಆರ್ದ್ರತೆ ಶೇ. 85ಕ್ಕಿಂತ ಕಡಿಮೆಯಿದ್ದಾಗ, ಇಬ್ಬನಿ ಆರಿದ ಮೇಲೆ ಹಚ್ಚಬೇಕು. ಬೇಸಿಗೆಯ ನಡುಮಧ್ಯಾಹ್ನ ಉಕ್ಕು ಕೈ ಸುಡುವಷ್ಟು ಕಾದಿರುತ್ತದೆ. ಆಗ ಬಣ್ಣ ಅಂಟುವ ಮೊದಲೇ ಒಣಗಿಬಿಡುತ್ತದೆ. ಬೆಳಗಿನ ಒಂಬತ್ತು ಹತ್ತು ಗಂಟೆ ಒಳ್ಳೆಯ ಹೊತ್ತು.

ಬ್ರಷ್ಷಿಗೆ ಬಗ್ಗದೆ ಗುಣಿಯಲ್ಲಿ ಉಳಿದ ತೆಳು ತುಕ್ಕಿಗೆ 'ರಸ್ಟ್ ಕನ್ವರ್ಟರ್' ಎಂಬ ದ್ರಾವಣಗಳು ಸಿಗುತ್ತವೆ. ಇವುಗಳಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುತ್ತದೆ. ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಅಣಲೆಕಾಯಿ ಕಷಾಯ ಕಬ್ಬಿಣದ ಪಾತ್ರೆಯಲ್ಲಿ ಕಪ್ಪಗಾಗುವುದನ್ನು ನೋಡಿರುತ್ತೀರಿ. ಅದೇ ರಸಾಯನ ಕ್ರಿಯೆ. ಈ ದ್ರಾವಣಗಳು ಪ್ರೈಮರ್‌ಗೆ ಬದಲಿಯಲ್ಲ, ಅದಕ್ಕೆ ನೆಲ ಹದ ಮಾಡುವಂಥವು. ದಪ್ಪ ಹೊಪ್ಪಳೆಯ ಮೇಲೆ ಸುರಿದರೆ ಕೆಳಗಿನವರೆಗೆ ಇಳಿಯುವುದೂ ಇಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು ಬಳಸಿ.

ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ತುಕ್ಕು ತುಂಬಿದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಕೀಲು ಉಬ್ಬಿದ್ದರೆ, ರಿವೆಟ್ಟಿನ ಸುತ್ತ ಕೆಂಪು ಗೆರೆ ಇಳಿದಿದ್ದರೆ, ಫ್ಲ್ಯಾಂಜ್‌ನ ಅಂಚಿನಲ್ಲಿ ಬಿರುಕು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ಹತ್ತಿರದ ಗ್ಯಾರೇಜಿನಲ್ಲಿ ಪಟ್ಟಿ ಬೆಸೆದು ಮುಗಿಸುವ ಕೆಲಸವೂ ಅದಲ್ಲ. ಕಂಪನಿಯ ಅಧಿಕೃತ ಕಾರ್ಯಾಗಾರದಲ್ಲಿ ತೋರಿಸಿ, ಅಲ್ಲಿಯವರೆಗೆ ಹೊರೆ ಹೇರಬೇಡಿ. ಚಾಸಿ ಸಂಖ್ಯೆ ಕೊರೆದ ಜಾಗಕ್ಕೆ ತಂತಿಯ ಬ್ರಷ್ಷನ್ನಾಗಲಿ ಗ್ರೈಂಡರನ್ನಾಗಲಿ ತಾಕಿಸಬೇಡಿ. ಮೆದು ಬಟ್ಟೆಯಿಂದ ಒರೆಸಿ ತೆಳುವಾಗಿ ಗ್ರೀಸ್ ಸವರಿ. ಫಿಟ್‌ನೆಸ್ ತಪಾಸಣೆಯಲ್ಲಿ ಆ ಅಂಕಿಗಳು ಓದಲು ಬರಬೇಕು.

ಮಾಡಿ ನೋಡಿ

ಒದ್ದೆಯ ಹೊತ್ತಿನ ಮಹತ್ವವನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಸತುವಿನ ಲೇಪವಿಲ್ಲದ ನಾಲ್ಕು ಕಬ್ಬಿಣದ ಮೊಳೆಗಳನ್ನು ಸಾಬೂನಿನಿಂದ ತೊಳೆದು ಒರೆಸಿ. ಒಂದನ್ನು ಒಣ ಜಾಗದಲ್ಲಿ ಹಾಗೆಯೇ ಇಡಿ. ಎರಡನೆಯದನ್ನು ದಿನಕ್ಕೊಮ್ಮೆ ನೀರಿನಲ್ಲಿ ಅದ್ದಿ ಕೂಡಲೇ ಬಿಸಿಲಿನಲ್ಲಿ ಒಣಗಿಸಿ. ಮೂರನೆಯದಕ್ಕೆ ಎರೆಮಣ್ಣಿನ ರಾಡಿ ಮೆತ್ತಿ, ಒದ್ದೆ ಬಟ್ಟೆ ಸುತ್ತಿ ತೇವ ಆರದಂತೆ ನೋಡಿಕೊಳ್ಳಿ. ನಾಲ್ಕನೆಯದಕ್ಕೆ ಅದೇ ರಾಡಿಗೆ ಒಂದು ಚಮಚ ಉಪ್ಪು ಬೆರೆಸಿ ಮೆತ್ತಿ. ಎರಡು ವಾರಗಳ ನಂತರ ನಾಲ್ಕನ್ನೂ ತೊಳೆದು ಪಕ್ಕಪಕ್ಕದಲ್ಲಿಡಿ. ದಿನವೂ ನೀರು ಕಂಡು ಒಣಗಿದ ಮೊಳೆಗೂ, ಉಪ್ಪು ಬೆರೆತ ತೇವದಲ್ಲಿಯೇ ಉಳಿದ ಮೊಳೆಗೂ ಇರುವ ಅಂತರವನ್ನು ಮಕ್ಕಳೇ ಹೇಳುತ್ತಾರೆ. ಲಾರಿ ಇರುವ ಮನೆಯ ಮಕ್ಕಳಾದರೆ ಆ ಮೊಳೆಗಳನ್ನು ಮನೆಗೆ ಒಯ್ದು ತೋರಿಸಲಿ.

ಇಡೀ ವರ್ಷದ ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು: ಮೇ ತಿಂಗಳಲ್ಲಿ ತಪಾಸಣೆ, ಸಣ್ಣ ದುರಸ್ತಿ, ಮೇಣದ ಹೊದಿಕೆ, ಮಳೆಗಾಲದಲ್ಲಿ ರಾಡಿಯ ದಾರಿ ತುಳಿದಾಗಲೆಲ್ಲ ಅಡಿಯ ತೊಳೆತ, ಮಳೆ ನಿಂತ ಮೇಲೆ, ಕಬ್ಬಿನ ಹಂಗಾಮಿಗೆ ಮೊದಲು, ಪೂರ್ತಿ ತೊಳೆದು ಒಣಗಿಸಿ ಇನ್ನೊಂದು ತಪಾಸಣೆ. ಇದಕ್ಕೆ ತಗಲುವುದು ವರ್ಷದಲ್ಲಿ ಕೆಲವು ದಿನ ಮತ್ತು ಒಂದಿಷ್ಟು ನೀರು. ಲಾರಿಯ ಕಂತು ತೀರುವ ಹೊತ್ತಿಗೆ ಚಾಸಿಯೂ ಗಟ್ಟಿಯಾಗಿ ಉಳಿದಿದ್ದರೆ, ಅಲ್ಲಿಂದ ಮುಂದಿನ ದುಡಿಮೆ ನಿಮ್ಮದು.